ಹನ್ನೊಂದು ಸ್ನೋಡ್ರಾಪ್ ಗಡ್ಡೆ, ನಲವತ್ತಾರು ಹಲಸಿನ ತೊಳೆ

ಮಲೇಷ್ಯಾಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಅವಳಿ ಗೋಪುರದ ಎದುರು ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದು ಹಳೆಯ ಫ್ರಿಜ್ಜಿನ ಫೋಟೋ. ಸೊಂಟದೆತ್ತರದ ಫ್ರಿಜ್ಜು, ಬಾಗಿಲಿನ ಒಂದು ಮೂಲೆಗೆ ತುಕ್ಕು, ಮೇಲೆ ಒಂದು ತಂಬಿಗೆ. ಮೊನ್ನೆ ಕಪಾಟು ಖಾಲಿ ಮಾಡುವಾಗ 2014ರ ಡೈರಿಯೊಳಗಿಂದ ಈ ಫೋಟೋ ಜಾರಿ ಬಿತ್ತು. ನೆಲದ ಮೇಲೇ ಕುಳಿತು ಡೈರಿ ಪೂರ್ತಿ ಓದಿದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಉಡುಪಿಯಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ದಿನವಿಡೀ ಎಣಿಸಿ ಎಣಿಸಿ, ಮನೆಗೆ ಬಂದ ಮೇಲೂ ಎಣಿಸುವ ಅಭ್ಯಾಸ ಬಿಡುತ್ತಿರಲಿಲ್ಲ. "ನಿನಗೆ ನಿನ್ನ ಅಜ್ಜಿಯ ಲೆಕ್ಕದ ಹುಚ್ಚು ಬಂದಿದೆ" ಎಂದು ಅಮ್ಮ ಬೈಯುತ್ತಿದ್ದಳು.

ಆ ಪ್ರವಾಸ ಒಟ್ಟು ಇಪ್ಪತ್ತೊಂಬತ್ತು ದಿನದ್ದು. ಅದರಲ್ಲಿ ಊರು ನೋಡಿದ್ದು ಏಳು ದಿನ. ಉಳಿದ ದಿನಗಳಲ್ಲಿ ನಾನು ನೋಡಿದ್ದು ನಾಲ್ಕು ಹೂಕುಂಡಗಳನ್ನು.

ಜನವರಿ 8, ಪೆಟಾಲಿಂಗ್ ಜಯಾ

ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಮೊದಲು ಅನಿಸಿದ್ದು, ಇಷ್ಟು ದೂರ ಬಂದು ಮತ್ತೆ ಉಡುಪಿಯ ಮೇ ತಿಂಗಳಿಗೇ ಇಳಿದೆನಲ್ಲ ಎಂದು. ಅದೇ ಬೆವರು, ಅದೇ ಅಂಟು. ರಸ್ತೆ ಮಾತ್ರ ಬೇರೆ. ಮುಕ್ಕಾಲು ಗಂಟೆಯ ದಾರಿಯಲ್ಲಿ ಹಾರ್ನ್ ಕೇಳಿದ್ದು ಎರಡೇ ಸಲ. ಎರಡನ್ನೂ ಹೊಡೆದದ್ದು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಅರಿವಳಿಕೆ ತಜ್ಞರು. ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಇದ್ದು, ಆಮೇಲೆ ಮಲೇಷ್ಯಾದ ಒಂದು ವೈದ್ಯಕೀಯ ಕಾಲೇಜಿಗೆ ಪಾಠ ಹೇಳಲು ಬಂದವರು. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅಕ್ಕತಂಗಿಯರ ನಡುವೆ ಜಗಳವಿಲ್ಲ. ಜಗಳ ಇದ್ದಿದ್ದರೆ ಒಳ್ಳೆಯದಿತ್ತು. ದೀಪಾವಳಿಗೊಂದು ಫೋನು, ಯುಗಾದಿಗೊಂದು ಫೋನು. ನಾನು ಗಡಿಯಾರ ನೋಡಿದ್ದೇನೆ, ಯಾವುದೂ ಎರಡು ನಿಮಿಷ ದಾಟಿದ್ದಿಲ್ಲ. ಹೊರಡುವ ದಿನ ಅಮ್ಮ ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟು, "ನನ್ನ ಬಗ್ಗೆ ಕೇಳಿದ್ರೆ ಚೆನ್ನಾಗಿದ್ದಾಳೆ ಅಂತ ಹೇಳು. ಕೇಳದಿದ್ರೆ ಬೇಡ" ಎಂದಿದ್ದಳು.

ದೊಡ್ಡಮ್ಮ ಬಾಗಿಲಲ್ಲೇ ಕೇಳಿದರು. ಹಪ್ಪಳದ ಕಟ್ಟನ್ನು ಮೂಸಿ ನೋಡಿ, "ನಿನ್ನ ಅಮ್ಮ ಈಗಲೂ ಇಂಗು ಜಾಸ್ತಿ ಹಾಕುದಾ?" ಎಂದರು.

ಸಾಲುಮನೆಗಳಲ್ಲಿ ಒಂದು ಅವರದ್ದು. ಎದುರು ಕಾರು ನಿಲ್ಲುವಷ್ಟು ಜಾಗ, ಹಿಂದೆ ನಾಲ್ಕು ಹೆಜ್ಜೆಯ ಅಂಗಳ, ಗೋಡೆಯ ಬುಡದಲ್ಲಿ ಒಂದು ಪಟ್ಟಿ ಮಣ್ಣು. ಅಡುಗೆಮನೆಯಲ್ಲಿ ದೊಡ್ಡ ಫ್ರಿಜ್ಜು. ಹಿಂದಿನ ಅಂಗಳದ ಮಾಡಿನ ಕೆಳಗೆ ಆ ಸಣ್ಣ ಫ್ರಿಜ್ಜು.

"ಅದ್ರೊಳಗೆ ಎಂತ ಉಂಟು ದೊಡ್ಡಮ್ಮ?"

"ಚಳಿಗಾಲ" ಎಂದರು ದೊಡ್ಡಪ್ಪ. "ನಾನು ಜೀವಮಾನ ಇಡೀ ಮನುಷ್ಯರನ್ನು ನಿದ್ದೆ ಮಾಡಿಸಿದವ. ನಿನ್ನ ದೊಡ್ಡಮ್ಮ ಈಗ ಗಡ್ಡೆಗಳನ್ನು ನಿದ್ದೆ ಮಾಡಿಸ್ತಾಳೆ. ನನಗಾದ್ರೆ ಎಷ್ಟು ಹೊತ್ತಿಗೆ ಎಬ್ಬಿಸುದು ಅಂತ ಗೊತ್ತಿತ್ತು."

ಒಳಗೆ ನಾಲ್ಕು ಮಣ್ಣಿನ ಕುಂಡಗಳಿದ್ದವು. ಮೂರರಲ್ಲಿ ಮೂರು ಮೂರು, ಒಂದರಲ್ಲಿ ಎರಡು, ಒಟ್ಟು ಹನ್ನೊಂದು ಸ್ನೋಡ್ರಾಪ್ ಗಡ್ಡೆಗಳು. ಸಾಂಬಾರಿನ ಸಣ್ಣ ಈರುಳ್ಳಿಗಿಂತಲೂ ಚಿಕ್ಕವಂತೆ. ಚಳಿದೇಶದಲ್ಲಿ ಹಿಮ ಕರಗುವ ಮೊದಲೇ ಹಿಮವನ್ನು ತೂತು ಮಾಡಿಕೊಂಡು ಬರುವ ಹೂವು. ಬಿಳಿ, ತಲೆ ತಗ್ಗಿಸಿದ್ದು, ಒಳಗಿನ ಎಸಳಿಗೆ ಹಸಿರು ಬೊಟ್ಟು. ಮಣ್ಣೊಳಗೆ ತಿಂಗಳುಗಟ್ಟಲೆ ಚಳಿ ತಿನ್ನದೆ ಅದು ಹೂ ಬಿಡುವುದಿಲ್ಲ. ಅಕ್ಟೋಬರ್ 13ರ ಭಾನುವಾರ ದೊಡ್ಡಮ್ಮ ಅವನ್ನು ನೆಟ್ಟು ಒಳಗಿಟ್ಟಿದ್ದರು. ಹದಿನಾಲ್ಕು ವಾರ ತುಂಬುವುದು ಜನವರಿ 19ಕ್ಕೆ. ಭಾನುವಾರಕ್ಕೊಮ್ಮೆ ಮಾತ್ರ ಬಾಗಿಲು ತೆರೆದು ಮಣ್ಣಿಗೆ ಎರಡು ಚಮಚ ನೀರು.

"ಇದ್ರೊಳಗೆ ಎಂತದೂ ಇಡುದು ಬೇಡ, ಆಯ್ತಾ?" ಎಂದರು.

ನಾನು ತಲೆಯಾಡಿಸಿ ಡೈರಿಯಲ್ಲಿ ಬರೆದೆ: ಕುಂಡ 4, ಗಡ್ಡೆ 11.

ಜನವರಿ 13, ಬೆಳಗಿನ ಸಂತೆ

ಸೋಮವಾರ ಬೆಳಿಗ್ಗೆ ಎರಡು ರಸ್ತೆ ಆಚೆ ಸಂತೆ ಸೇರುತ್ತದೆ. ಏಳಕ್ಕೆ ಡೇರೆಗಳು ಏಳುತ್ತವೆ, ಹನ್ನೊಂದಕ್ಕೆ ಸಂತೆ ನಡೆದ ಗುರುತೂ ಇರುವುದಿಲ್ಲ, ರಸ್ತೆ ತೊಳೆದಿರುತ್ತದೆ. ನಮ್ಮಲ್ಲಿ ಸಂತೆ ಮುಗಿದ ಮೇಲೂ ಮೂರು ದಿನ ಸಂತೆ ಉಳಿಯುತ್ತದೆ.

ದೊಡ್ಡಮ್ಮ ಸೋಮವಾರ ಬೆಳಿಗ್ಗೆ ಯೋಗ ತರಗತಿಗೆ ಹೋಗುತ್ತಾರೆ. ನಾನೊಬ್ಬಳೇ ಸಂತೆಗೆ ಹೋದೆ. ಮೀನಿನ ಸಾಲು ದಾಟಿ ಬಲಕ್ಕೆ ತಿರುಗುವಾಗ ಕಾಲು ತಾನಾಗಿ ನಿಂತಿತು. ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಹಲಸಿನ ಹಣ್ಣು! ಜನವರಿಯಲ್ಲಿ! ನಮ್ಮೂರಲ್ಲಿ ಆ ಹೊತ್ತಿಗೆ ಮರದಲ್ಲಿ ಬೆರಳುದ್ದದ ಮಿಡಿ ಬಿಟ್ಟಿದ್ದರೆ ಹೆಚ್ಚು.

ಅಂಗಡಿಯ ಚೀನೀ ಅಜ್ಜ ಒಂದು ತೊಳೆಯನ್ನು ಚೂರಿಯ ತುದಿಯಲ್ಲಿ ಚುಚ್ಚಿ ನನ್ನ ಮುಂದೆ ಹಿಡಿದ. "ನಂಕಾ! ಸ್ವೀಟ್ ಲಾ! ಯು ಟ್ರೈ, ಅಮೋಯ್!" ನಂಕಾ ಎಂದರೆ ಅಲ್ಲಿಯ ಹಲಸು, ಅಮೋಯ್ ಎಂದರೆ ಹುಡುಗಿ. ನಾನು ತಿಂದೆ. ಆಮೇಲೆ ಅವನ ಎದುರು ನಿಂತು ಕಣ್ಣೊರೆಸಿಕೊಂಡೆ. ಅವನಿಗೆ ಗಾಬರಿ. "ನಾಟ್ ಸ್ವೀಟ್?" ಎಂದು ಇನ್ನೊಂದು ತೊಳೆ ಕೊಟ್ಟ. ಹೀಗೆ ಪುಕ್ಕಟೆ ತಿಂದದ್ದು ಮೂರು.

ಅಲ್ಲೇ ಯೋಚನೆ ಹೊಳೆಯಿತು. ಶನಿವಾರ ದೊಡ್ಡಮ್ಮನ ಮನೆಯಲ್ಲಿ ಕನ್ನಡದವರ ಊಟ. ಅವತ್ತು ಯಾರಿಗೂ ಹೇಳದೆ ಹಲಸಿನ ಹಣ್ಣಿನ ಕಡುಬು ಮಾಡಿ ಎಲೆಗೆ ಬಡಿಸಬೇಕು. ಮುಂದಿನ ಸಂತೆ ಶನಿವಾರ ಕಳೆದ ಮೇಲೆ, ಆದ್ದರಿಂದ ಇವತ್ತೇ ಕೊಳ್ಳಬೇಕು. ಕಾಲು ಭಾಗ ಹಣ್ಣು ಹೊತ್ತು ತಂದು, ಕೈಗೆ ತೆಂಗಿನೆಣ್ಣೆ ಸವರಿ, ಹಿಂದಿನ ಅಂಗಳದಲ್ಲಿ ಕುಳಿತು ಬಿಡಿಸಿದೆ. ಬೀಜ ತೆಗೆಯದೆ ಇಡೀ ತೊಳೆಗಳನ್ನೇ ಎಣಿಸಿ ಡಬ್ಬಿಗೆ ತುಂಬಿದೆ. ನಲವತ್ತಾರು.

ತೊಳೆ ಎಣಿಸುವುದೂ ಅಜ್ಜಿಯಿಂದ ಬಂದದ್ದೇ ಇರಬೇಕು. ಅಜ್ಜಿ ಹಲಸು ಬಿಡಿಸಿದರೆ ತೊಳೆ ಎಣಿಸಿಟ್ಟು ಮಕ್ಕಳಿಗೆ ಹಂಚುತ್ತಿದ್ದಳಂತೆ. ಹಂಚುವಾಗ ಎಣಿಕೆ ಕಡಿಮೆಯಾದರೆ ಪೆಟ್ಟು. ಆ ಪೆಟ್ಟು ಪ್ರತಿಸಲ ತನಗೇ ಬೀಳುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಇನ್ನು ಅಡಗಿಸುವ ಪ್ರಶ್ನೆ. ಅಡುಗೆಮನೆಯ ಫ್ರಿಜ್ಜನ್ನು ದೊಡ್ಡಮ್ಮ ಗಂಟೆಗೆ ನಾಲ್ಕು ಸಲ ತೆರೆಯುತ್ತಾರೆ. ಹಿಂದಿನದ್ದನ್ನು ಭಾನುವಾರ ಮಾತ್ರ. ನಿನ್ನೆಯಷ್ಟೇ ಭಾನುವಾರ ಕಳೆದಿದೆ, ಶನಿವಾರ ಬೆಳಿಗ್ಗೆ ನಾನೇ ತೆಗೆದುಬಿಡುತ್ತೇನೆ. "ಎಂತದೂ ಇಡುದು ಬೇಡ" ಎಂದದ್ದು ನೆನಪಿತ್ತು. ಆದರೆ ಅದು ಕುಂಡ ಉರುಳೀತು ಎಂಬ ಎಚ್ಚರಿಕೆ ಎಂದುಕೊಂಡೆ. ನಾನು ಉರುಳಿಸುವವಳಲ್ಲ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಂಡಗಳ ಹಿಂದೆ ತಳ್ಳಿದೆ. ಡೈರಿಯಲ್ಲಿ ಅಚ್ಚುಕಟ್ಟಾಗಿ ಬರೆದೆ: *ಹಲಸು, ತೊಳೆ 46, ಹಿಂದಿನ ಫ್ರಿಜ್ಜು, ಬೆಳಿಗ್ಗೆ 10.20.*

ಜನವರಿ 18, ಶನಿವಾರದ ಊಟ

ಮಧ್ಯೆ ನಾಲ್ಕು ದಿನ ಊರು ಸುತ್ತಿದೆ. ಬಾಂಗ್ಸಾರಿನಲ್ಲಿ ರೈಲು ಇಳಿದು, ಬಂದ ದಾರಿಗೇ ಎರಡು ಸಲ ವಾಪಸು ಹತ್ತಿದೆ. ಎರಡನೆಯ ಸಲ ಪಕ್ಕದಲ್ಲಿದ್ದ ತಮಿಳು ಅಜ್ಜಿ, "ಇದೇ ಸೀಟಿನಲ್ಲಿ ಆಗಲೂ ಕೂತಿದ್ದೆಯಲ್ಲಮ್ಮ" ಎಂದು ನಕ್ಕು, ಕೈಹಿಡಿದು ಇಳಿಸಿ ಆಚೆ ಬದಿಯ ಪ್ಲಾಟ್‌ಫಾರಂಗೆ ಮುಟ್ಟಿಸಿದರು.

ಶನಿವಾರ ಬೆಳಿಗ್ಗೆ ಡಬ್ಬಿ ತೆಗೆದು ಎಣಿಸಿದರೆ ತೊಳೆ ನಲವತ್ತೆರಡು. ಮತ್ತೆ ಎಣಿಸಿದೆ. ಮೂರನೆಯ ಸಲವೂ ನಲವತ್ತೆರಡು. ಲ್ಯಾಬಿನವಳ ಎಣಿಕೆ ತಪ್ಪುವುದಿಲ್ಲ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಸಿಹಿ ಕಂಡರೆ ಆಸೆ. ಅವರ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕಿ ಸುಮ್ಮನಾದೆ.

ಕಡುಬಿಗೆ ಅಜ್ಜಿ ಸಾಗುವಾನಿ ಎಲೆ ಬಳಸುತ್ತಿದ್ದಳು, ಅದರ ಕೆಂಪು ಕಡುಬಿಗೆ ಇಳಿಯುತ್ತಿತ್ತು. ಇಲ್ಲಿ ಸಿಕ್ಕಿದ್ದು ಬಾಳೆಯೆಲೆ. ಮಧ್ಯಾಹ್ನ ಒಂಬತ್ತು ಜನರ ತಟ್ಟೆಗೆ ಬಿಸಿಬಿಸಿ ಕಡುಬು ಬಿತ್ತು.

ಮೊದಲು ಬಾಯಿ ಬಿಟ್ಟವರು ಹುಬ್ಬಳ್ಳಿಯ ನಸ್ರೀನಕ್ಕ. ಪುತ್ರಜಯಾದಲ್ಲಿ ಎಂಜಿನಿಯರ್. "ಏನ್ ತಂಗಿ ಇದು, ಜನವರ್ಯಾಗ ಹಲಸು ಎಲ್ಲಿಂದ ಕದ್ದಿ? ನಮ್ಮ ಕಡೆ ಇದನ್ನ ಹಿಂಗ ಕುದಸೂದಿಲ್ಲ, ಹಂಗ ಕೈಗೆ ಬಂದಿದ್ದು ಬಾಯಿಗೆ. ಆದ್ರ ಇದೂ ಅಡ್ಡಿ ಇಲ್ಲ ಬಿಡು, ಇನ್ನೆರಡು ಹಾಕು."

ಅವರ ಏಳು ವರ್ಷದ ಮಗಳು ಮೂಗು ಹಿಡಿದುಕೊಂಡಿದ್ದಳು. "ಮಮ್ಮಿ, ಸ್ಮೆಲ್ಲಿ ಲಾ."

"ಏ, ಸುಮ್ನ ತಿನ್ನ. ನಿನ್ನ ಡುರಿಯನ್ ಹಣ್ಣ ಏನ್ ಮಲ್ಲಿಗಿನಾ?"

ದೊಡ್ಡಮ್ಮ ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡು, "ಅಯ್ಯೋ, ಹಲಸಾ! ನನಗೆ ಗೊತ್ತೇ ಆಗ್ಲಿಲ್ಲ ಮಾರಾಯ್ತಿ!" ಎಂದರು. ನನಗೆ ಹೆಮ್ಮೆಯಾಯಿತು. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆ ಎಂದು ಮಾತ್ರ ಅವರು ಕೇಳಲಿಲ್ಲ.

ಜನವರಿ 19, ಹದಿನಾಲ್ಕನೆಯ ವಾರ

ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆರೆದಾಗ ನನಗೆ ಅಳುಕು. ಹಿಂದಿನ ದಿನವೇ ಎರಡು ಲಿಂಬೆಹೋಳು ಇಟ್ಟು ವಾಸನೆ ಹೋಗಿಸಲು ನೋಡಿದ್ದೆ. ಪೂರ್ತಿ ಹೋಗಿರಲಿಲ್ಲ. ದೊಡ್ಡಮ್ಮ ತಲೆ ಒಳಗಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಮೊಳಕೆ ಎಣಿಸುತ್ತಿದ್ದಾರೆ ಅಂದುಕೊಂಡೆ. ಹನ್ನೊಂದರಲ್ಲಿ ಒಂಬತ್ತು ಮೂತಿ ಮೇಲೆ ಬಂದಿದ್ದವು, ಅಕ್ಕಿಕಾಳಿನ ಬಣ್ಣ, ತುದಿಯಲ್ಲಿ ಹಸಿರು.

ಕುಂಡಗಳು ದೊಡ್ಡಪ್ಪನ ಓದುವ ಕೋಣೆಗೆ ಹೋದವು. ಅಲ್ಲಿಯ ಎಸಿ ಹದಿನೆಂಟು ಡಿಗ್ರಿಗೆ ನಿಂತಿತು. ಅವತ್ತಿನಿಂದ ದೊಡ್ಡಪ್ಪ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ಪಾಠ ತಯಾರಿ ಮಾಡತೊಡಗಿದರು. ಹೊರಗೆ ಮೂವತ್ತೆರಡು ಡಿಗ್ರಿ. ಅಂಚೆಯವ ಬಂದಾಗ ಅದೇ ವೇಷದಲ್ಲಿ ಬಾಗಿಲು ತೆರೆದರು. ಅವನು ಸಹಿ ಹಾಕಿಸಿಕೊಳ್ಳದೆ ಎರಡು ಹೆಜ್ಜೆ ಹಿಂದೆ ಸರಿದ.

ಆ ಮಧ್ಯಾಹ್ನ ಕುಂಡಗಳ ಎದುರು ಶಾಲು ಹೊದ್ದು ಕುಳಿತು ದೊಡ್ಡಮ್ಮ ಹೇಳಿದ್ದು ಇದು.

ಅಜ್ಜಿ ತೀರಿಕೊಂಡದ್ದು 1991ರ ಫೆಬ್ರುವರಿ 3ಕ್ಕೆ. ದೊಡ್ಡಮ್ಮ ಆಗ ಇಂಗ್ಲೆಂಡಿನಲ್ಲಿ, ಎಂಟು ತಿಂಗಳ ಬಸುರಿ (ಆ ಮಗ ಈಗ ಓದು ಮುಗಿಸಿ ಇಂಗ್ಲೆಂಡಿನಲ್ಲೇ ಇದ್ದಾನೆ). ವಿಮಾನ ಹತ್ತುವ ಹಾಗಿರಲಿಲ್ಲ. ದೊಡ್ಡಪ್ಪ ಆಸ್ಪತ್ರೆಯ ಪಾಳಿಯಲ್ಲಿದ್ದರು. ಪಕ್ಕದ ಮನೆಯ ಐರಿಸ್ ಎಂಬ ಮುದುಕಿ ಹಿತ್ತಲ ಬಾಗಿಲಿನಿಂದ ಬಂದಳು. ಸಮಾಧಾನದ ಮಾತೊಂದೂ ಆಡಲಿಲ್ಲ. ಅವಳ ಕೈಯಲ್ಲಿ ಮಣ್ಣು ಸಮೇತ ಕಿತ್ತ ಒಂದು ಹಿಡಿ ಸ್ನೋಡ್ರಾಪ್ ಗಿಡ, ಹೂ ಬಿಟ್ಟದ್ದು. "ಬಾ, ನೆಡೋಣ" ಎಂದಳಂತೆ. ಇಬ್ಬರೂ ಮಂಜು ಸರಿಸಿ ಗುಂಡಿ ತೋಡಿ ನೆಟ್ಟರು.

"ಊರಲ್ಲಿ ನಿನ್ನ ಅಮ್ಮ ಅಳ್ತಾ ಚಿತೆಯ ಬೆಂಕಿ ನೋಡ್ತಿದ್ದಿರ್ಬೇಕು. ನಾನು ಮಂಜಿನಲ್ಲಿ ಗುಂಡಿ ತೋಡ್ತಿದ್ದೆ. ನನಗೆ ಅದೇ ಅಮ್ಮನ ಕ್ರಿಯೆ ಅಂತ ಆಯ್ತು" ಎಂದರು. "ಒಂದು ವರ್ಷ ಊರಿಗೆ ಕಾಗದ ಬರೀಲಿಕ್ಕೆ ಆಗ್ಲಿಲ್ಲ. ಬರ್ದ್ರೆ ಎಂತ ಬರೆಯುದು? ಹೂ ನೆಟ್ಟೆ ಅಂತ ಬರೆಯುದಾ?"

ನನಗೆ ಅಮ್ಮನ ಮಾತು ನೆನಪಾಯಿತು. "ಬರ್ಲಿಕ್ಕಾಗದ್ದು ಬಿಡು. ಒಂದು ಗೆರೆ ಬರೀಲಿಲ್ಲ." ಇಪ್ಪತ್ತಮೂರು ವರ್ಷದಿಂದ ಅದೇ ಒಂದು ವಾಕ್ಯ. ಅಜ್ಜಿ ಸತ್ತಾಗ ನಾನು ಎಳೆಗೂಸು. ಆದರೂ ಆ ವಾಕ್ಯ ನನ್ನದೂ ಆಗಿಹೋಗಿತ್ತು.

ಆ ಊರು ಬಿಡುವವರೆಗೆ ಪ್ರತಿವರ್ಷ ಫೆಬ್ರುವರಿ 3ಕ್ಕೆ ದೊಡ್ಡಮ್ಮ ಅಜ್ಜಿಯ ಫೋಟೋ ಎದುರು ಆ ಹೂವೊಂದನ್ನು ಇಡುತ್ತಿದ್ದರು. ಪಂಚಾಂಗವಿಲ್ಲದ ಊರಲ್ಲಿ ಇಂಗ್ಲಿಷ್ ತಾರೀಕೇ ತಿಥಿ. ಮಲೇಷ್ಯಾಕ್ಕೆ ಬಂದ ಮೇಲೆ ಅದು ನಿಂತಿತು. ಹಿಂದಿನ ಬೇಸಿಗೆಯಲ್ಲಿ ಐರಿಸ್ ತೀರಿಕೊಂಡಳು. ಅವಳ ಮಗಳು ಮನೆ ಮಾರುವ ಮೊದಲು ಹಿತ್ತಲಿನಿಂದ ಮೂವತ್ತು ಗಡ್ಡೆ ಕಿತ್ತು ಕಳಿಸಿದ್ದಳು. ಒಣಗದೆ ಗಟ್ಟಿಯಾಗಿ ಉಳಿದದ್ದು ಹನ್ನೊಂದು. ಈಗ ಆ ಹಿತ್ತಲಿನ ಮೇಲೆ ಬೇರೆಯವರ ಗ್ಯಾರೇಜು.

"ಒಂದು ಬಂದ್ರೆ ಸಾಕು" ಎಂದರು ದೊಡ್ಡಮ್ಮ. "ಮೂರನೇ ತಾರೀಕಿಗೆ ಒಂದೇ ಒಂದು."

ಜನವರಿ 23, ಐರಿಸ್ ಹೇಳಿದ್ದು

ಇಷ್ಟು ಕೇಳಿದ ಮೇಲೆ ನಾನು ಗಡ್ಡೆಗಳ ಕೆಲಸವನ್ನು ಮೈಮೇಲೆ ಹಾಕಿಕೊಂಡೆ. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ಅಳತೆಪಟ್ಟಿ ಹಿಡಿದು ಎಲೆಯ ಉದ್ದ ಬರೆಯತೊಡಗಿದೆ. ಗುರುವಾರ ಸಂಜೆ, ಸ್ನೋಡ್ರಾಪ್ ಬೆಳೆಸುವ ಕ್ರಮವನ್ನೂ ಬರೆದಿಡೋಣ ಎಂದು ಪೆನ್ನು ತೆಗೆದೆ. ದೊಡ್ಡಮ್ಮ ಬೀನ್ಸ್ ಹೆಚ್ಚುತ್ತಾ ಹೇಳಿದರು.

"ಗಡ್ಡೆಯ ಮೂರರಷ್ಟು ಆಳ. ಮೂತಿ ಮೇಲೆ. ಒಣಗಬಾರದು, ಆದ್ರೆ ನೀರು ನಿಲ್ಲಬಾರದು. ಕಿತ್ತು ಕೊಡುದಾದ್ರೆ ಎಲೆ ಹಸಿರಿರುವಾಗಲೇ ಕೊಡ್ಬೇಕು, ಒಣಗಡ್ಡೆ ಕೊಡುದು ಅಂದ್ರೆ ಕೊಡದ ಹಾಗೆ. ಆಮೇಲೆ ಹಣ್ಣಿನ ಹತ್ರ ಇಡ್ಲಿಕ್ಕಾಗ."

"ಯಾವ ಹಣ್ಣು?"

"ಯಾವುದೂ. ಹಣ್ಣಾಗುವಾಗ ಒಂದು ಗಾಳಿ ಬಿಡ್ತದೆ ಅಲ್ವಾ, ಅದಕ್ಕೆ ಗಡ್ಡೆಯೊಳಗಿನ ಮೊಗ್ಗು ಕರಟಿಹೋಗ್ತದೆ. ಐರಿಸ್ ಒಂದು ವರ್ಷ ಸೇಬಿನ ಬುಟ್ಟಿ ಹತ್ರ ಇಟ್ಟು ಒಂದೂ ಹೂ ಬರ್ಲಿಲ್ಲ. ಎಲೆ ಎಲ್ಲ ಸರಿ ಬರ್ತದೆ. ಹೂ ಇಲ್ಲ."

ಆ ಪುಟದಲ್ಲಿ ಐದನೆಯ ಅಂಕಿಯ ಮುಂದೆ ಪೆನ್ನು ಒತ್ತಿದ ನೀಲಿ ಚುಕ್ಕೆ ಇದೆ. ಅದರ ಮುಂದೆ ಅಕ್ಷರವಿಲ್ಲ.

ಎಥಿಲೀನ್ ಎಂಬ ಆ ಗಾಳಿಯ ಹೆಸರನ್ನು ನಾನು ಕಾಲೇಜಿನಲ್ಲಿ ಓದಿ ಅಂಕ ಪಡೆದಿದ್ದೆ. ಐದು ದಿನ, ಮುಚ್ಚಿದ ಡಬ್ಬಿಯಂಥ ಫ್ರಿಜ್ಜು, ಮಾಗಿದ ಹಲಸು. ಪುರಾವೆ ನನ್ನ ಅಕ್ಷರದಲ್ಲೇ ಇತ್ತು, ಬೆಳಿಗ್ಗೆ 10.20ರ ಸಮೇತ.

ಜನವರಿ 25, ಪುತ್ರಜಯಾ

ನಸ್ರೀನಕ್ಕ ತನ್ನ ಕಾರಿನಲ್ಲಿ ನನ್ನನ್ನು ಪುತ್ರಜಯಾ ತೋರಿಸಲು ಕರೆದೊಯ್ದರು. ಇಡೀ ಊರು ಸರ್ಕಾರಿ ಕಚೇರಿಗಳದ್ದು. ನಮ್ಮ ತಾಲೂಕು ಕಚೇರಿಯ ಎದುರು ಟೈಪಿಂಗಿನವ, ಚಹಾದವ, ಅರ್ಜಿ ಬರೆದುಕೊಡುವವ ಇರುತ್ತಾರೆ. ಇಲ್ಲಿ ಕಚೇರಿ ಎದುರು ಕೆರೆ, ಹೂವಿನ ಪಾತಿ. ನಡೆದು ಹೋಗುವ ಒಬ್ಬ ಮನುಷ್ಯ ಕಾಣುವುದಿಲ್ಲ. ಒಂದು ತಿರುವು ತಪ್ಪಿದರೆ ಊರನ್ನೇ ಸುತ್ತಿ ಬರಬೇಕು. ನಸ್ರೀನಕ್ಕ ಮೂರು ಸಲ ತಪ್ಪಿಸಿದರು. "ಆರು ವರ್ಷ ಆತು ಇಲ್ಲಿ ಕೆಲಸ ಹಿಡದು. ಆಫೀಸು, ಮನಿ, ಇವೆರಡೇ ದಾರಿ ಗೊತ್ತು ನನಗ!"

ಸಸ್ಯೋದ್ಯಾನದಲ್ಲಿ ಹುಲ್ಲಿನ ಟೊಪ್ಪಿ ಹಾಕಿದ ಮಲಯ ಹೆಂಗಸೊಬ್ಬಳು ಕಳೆ ತೆಗೆಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ, ಚಳಿದೇಶದ ಗಡ್ಡೆ ಇಲ್ಲಿ ಹೂ ಬಿಟ್ಟೀತೇ ಎಂದು ಕೇಳಿದೆ. ಅವಳು ಸುತ್ತಲ ಹಸಿರನ್ನು ತೋರಿಸಿ ನಕ್ಕಳು. ಇಲ್ಲಿ ಯಾವ ಗಿಡವೂ ಮಲಗುವುದಿಲ್ಲ, ಮಲಗದ ಊರಲ್ಲಿ ಎಬ್ಬಿಸುವುದು ಹೇಗೆ ಎಂದಳು.

ವಾಪಸು ಬರುವಾಗ ನಸ್ರೀನಕ್ಕನ ಹತ್ತಿರ ಎಲ್ಲ ಹೇಳಿದೆ. ಅವರು ಕಾರಿನ ರೇಡಿಯೋ ಆರಿಸಿದರು.

"ಆಂಟಿಗೆ ಹೇಳೀ ಏನು?"

"ಇಲ್ಲ."

"ಹೂ ಬಂದ್ರ?"

"ಬಂದ್ರೆ ಹೇಳುದು ಬೇಡ ಅಲ್ವಾ ಅಕ್ಕ?"

"ಅಲಾ ಹುಡುಗಿ! ಎಲಿ ಎಷ್ಟು ಉದ್ದ ಅದ ಅಂತ ದಿನಾ ಎರಡು ಸಲ ಬರೀತಿ. ಇದೊಂದು ಬರ್ಯಾಕ ಬರೂದಿಲ್ಲೇನು? ಹೂ ಬರಲಿ ಬಿಡಲಿ, ಹೇಳಿಬಿಡು."

ಫೆಬ್ರುವರಿ 1

ಹೇಳಲಿಲ್ಲ. ಏಕೆಂದರೆ ಜನವರಿ 29ಕ್ಕೆ ಮೊಗ್ಗು ಬಂತು. ಎರಡು ಎಲೆಗಳ ನಡುವಿನಿಂದ ತೆಳ್ಳಗಿನ ಪೊರೆಯಲ್ಲಿ ಸುತ್ತಿದ ಬತ್ತದ ಕಾಳಿನಂಥದ್ದು. 30ಕ್ಕೆ ಅಂಥವು ಮೂರು. ದೊಡ್ಡಮ್ಮ ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ಓಡಾಡಿದರು. ಡೈರಿಯಲ್ಲಿ ಅವತ್ತಿನ ಅಕ್ಷರ ದೊಡ್ಡದು: ಎಲೆ 9 ಜೋಡಿ, ಮೊಗ್ಗು 3. ನಾನು ಬಚಾವಾದೆ ಎಂದು ಬರೆಯದಿದ್ದರೂ ಓದಿದರೆ ತಿಳಿಯುತ್ತದೆ.

31ಕ್ಕೆ ಚೀನೀ ಹೊಸವರ್ಷ. ಪಕ್ಕದ ಮನೆಯವರು ಕಿತ್ತಳೆಯ ಪೆಟ್ಟಿಗೆ ಕೊಟ್ಟರು. ನಾನು ಅದನ್ನು ಕುಂಡಗಳಿಂದ ಎಷ್ಟು ದೂರ ಇಡಬಹುದೋ ಅಷ್ಟು ದೂರ, ಎದುರಿನ ಕಾರಿನೊಳಗೆ ಇಟ್ಟೆ. ಅವು ಬಿಸಿಲಿಗೆ ಬೆಂದು, ನಾನು ಊರಿಗೆ ಹೊರಡುವ ದಿನದವರೆಗೂ ಕಾರು ಕಿತ್ತಳೆ ಮಿಠಾಯಿಯ ಹಾಗೆ ಘಮಘಮಿಸಿತು. "ಯಾರ ಬುದ್ಧಿ ಇದು?" ಎಂದರು ದೊಡ್ಡಪ್ಪ.

ಫೆಬ್ರುವರಿ 1ರ ಬೆಳಿಗ್ಗೆ ಏಳಕ್ಕೆ ಮೊಗ್ಗುಗಳ ತುದಿ ಕಂದುಬಣ್ಣಕ್ಕೆ ತಿರುಗಿತ್ತು. ಸಂಜೆ ಆರಕ್ಕೆ ಮೂರೂ ಒಣಗಿದ ಈರುಳ್ಳಿ ಸಿಪ್ಪೆ. ಬೆರಳು ಮುಟ್ಟಿಸಿದರೆ ಒಳಗೆ ಏನೂ ಇರಲಿಲ್ಲ.

ಫೆಬ್ರುವರಿ 3

ದೊಡ್ಡಮ್ಮ ಬೆಳಿಗ್ಗೆಯೇ ಮಿಂದು ಅಜ್ಜಿಯ ಫೋಟೋ ಒರೆಸಿ ದೀಪ ಹಚ್ಚಿದರು. ಒಂದು ಕುಂಡವನ್ನು ತಂದು ಎದುರಿಟ್ಟರು. ಬರೀ ಎಲೆ. ನಾನು ಡೈರಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ದೊಡ್ಡಮ್ಮ, ಒಂದು ಓದ್ತೇನೆ."

"ಓದು."

"ಜನವರಿ 13. ಹಲಸು, ತೊಳೆ ನಲವತ್ತಾರು, ಹಿಂದಿನ ಫ್ರಿಜ್ಜು, ಬೆಳಿಗ್ಗೆ ಹತ್ತು ಇಪ್ಪತ್ತು." ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡೆ. "ನನಗೆ ಹಣ್ಣಿನ ವಿಷಯ ಆಗ ಗೊತ್ತಿರ್ಲಿಲ್ಲ. ಆದ್ರೆ ಇಡ್ಬೇಡ ಅಂತ ನೀವು ಹೇಳಿದ್ದು ಗೊತ್ತಿತ್ತು. ಮೊಗ್ಗು ಕರಟಿದ್ದು ನನ್ನಿಂದ."

ದೊಡ್ಡಮ್ಮ ದೀಪದ ಬತ್ತಿ ಸರಿಮಾಡಿದರು. ಎಣ್ಣೆಯ ಬೆರಳನ್ನು ತಲೆಗೆ ಒರೆಸಿಕೊಂಡರು.

"ಹದಿನೆಂಟಕ್ಕೆ ಎಂತ ಬರ್ದಿದ್ದೀ?"

ಪುಟ ತಿರುಗಿಸಿದೆ. "ತೊಳೆ ನಲವತ್ತೆರಡು. ನಾಲ್ಕು ಕಮ್ಮಿ. ದೊಡ್ಡಪ್ಪ, ಪ್ರಶ್ನೆಚಿಹ್ನೆ."

"ನನ್ನ ಮೇಲೆ ಕೇಸಾ!" ಒಳಗಿನಿಂದ ಮಂಕಿ ಟೋಪಿಯ ತಲೆ ಹೊರಗೆ ಬಂತು.

"ಹೊಡೆದು ಹಾಕು ಅವರ ಹೆಸರು" ಎಂದರು ದೊಡ್ಡಮ್ಮ. "ಬುಧವಾರ ಒಂದು, ಗುರುವಾರ ಒಂದು, ಶುಕ್ರವಾರ ಎರಡು. ನಾನು ತಿಂದದ್ದು."

ನಾನು ಪೆನ್ನು ತೆಗೆದು ದೊಡ್ಡಪ್ಪನ ಹೆಸರು ಹೊಡೆದುಹಾಕಿದೆ.

"ಬುಧವಾರ ಮಣ್ಣು ಒಣಗಿದೆಯಾ ಅಂತ ಬಾಗಿಲು ತೆಗ್ದೆ. ಮುಖಕ್ಕೆ ಹೊಡೆದ ಹಾಗೆ ಪರಿಮಳ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಹಲಸು ಬಿಡಿಸ್ತಿದ್ಳಲ್ಲ, ಕೈಯೆಲ್ಲ ಮೇಣ, ಸೀರೆ ಮೊಣಕಾಲಿಗೆ, ಅದು."

"ಹಾಗಾದ್ರೆ ಡಬ್ಬಿ ತೆಗೆದು ಹೊರಗಿಡ್ಬಹುದಿತ್ತಲ್ಲ?"

"ಇಡ್ಬೇಕಿತ್ತು. ಐರಿಸ್ ಹೇಳಿದ್ದು ನನಗೆ ನಿನಗಿಂತ ಮೊದಲೇ ಗೊತ್ತು. ತೆಗಿಲಿಕ್ಕೆಂತಲೇ ಕೈ ಹಾಕಿದೆ. ಮುಚ್ಚಳ ತೆಗ್ದೆ, ಒಂದು ತಿಂದೆ, ಮುಚ್ಚಿ ಅಲ್ಲೇ ಇಟ್ಟೆ. ನಾಳೆ ಬಾಗಿಲು ತೆಗೆದಾಗ ಇನ್ನೊಮ್ಮೆ ಬರ್ತದಲ್ಲ ಅಂತ." ಅವರು ಫೋಟೋ ನೋಡಿದರು. "ಆ ಹೂ ನೋಡಿದ್ರೆ ಪ್ರತಿವರ್ಷ ನೆನಪಾಗುದು ನಾನು ಹೋಗದೆ ಇದ್ದದ್ದು. ಈ ಸಲ ಮೂರು ದಿನ ಅಮ್ಮನೇ ಬಂದು ಹೋದ ಹಾಗಾಯ್ತು. ಹೂ ಹೋದ್ರೆ ಹೋಗ್ಲಿ ಅಂತ ಆಗ ಬಿಟ್ಟದ್ದು ನಾನೇ. ನಿನ್ನ ಹತ್ರ ಹೇಳ್ಲಿಕ್ಕೆ ನಾಚಿಕೆ ಆಯ್ತು ಮಾರಾಯ್ತಿ. ಅರವತ್ತೊಂದು ವರ್ಷಕ್ಕೆ ಕದ್ದು ತಿಂದೆ ಅಂತ ಹೇಳುದು ಹೇಗೆ?"

"ಬೀಜ ಎಲ್ಲಿ ಹಾಕಿದ್ರಿ?" ಎಂದು ಕೇಳಿದೆ. ಲೆಕ್ಕದವಳಿಗೆ ಅದೂ ಬೇಕಲ್ಲ.

ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಗೋಡೆಯ ಬುಡದ ಮಣ್ಣಿನಲ್ಲಿ ಬೆರಳಿನಿಂದ ಒತ್ತಿದ ನಾಲ್ಕು ಗುಳಿ. ಮೂರು ಹಾಗೇ ಇದ್ದವು. ನಾಲ್ಕನೆಯದರಲ್ಲಿ ಮಣ್ಣು ಸೀಳಿ ಕೆಂಪುಹಸಿರಿನ ಮೊಳಕೆ ಎದ್ದಿತ್ತು. ನಾನು ಅಳತೆಪಟ್ಟಿ ತಂದೆ. ಎರಡೂವರೆ ಸೆಂಟಿಮೀಟರು.

"ನಾಲ್ಕು ಹೆಜ್ಜೆ ಅಂಗಳಕ್ಕೆ ಹಲಸಿನ ಮರ!" ಎಂದರು ದೊಡ್ಡಪ್ಪ. "ಪಕ್ಕದ ಮನೆಯ ಗೋಡೆಗೆ ಇವತ್ತೇ ನಮಸ್ಕಾರ ಮಾಡಿಬಿಡಿ."

ಆಗಲೇ ನನ್ನ ಫೋನು ಹೊಡೆದುಕೊಂಡಿತು. ಅಮ್ಮ. ಅಜ್ಜಿಯ ದಿನವೆಂದು ಅವಳಿಗೂ ನೆನಪು, ಆದರೆ ಮಾಡಿದ್ದು ನನ್ನ ನಂಬರಿಗೆ. "ಎಂತ ಮಾಡ್ತಾ ಇದ್ದೀರಿ?" ಎಂದಳು. ನಾನು ಹೂವಿನ ಕಥೆ ಹೇಳಿದೆ. ಮಂಜಿನಲ್ಲಿ ತೋಡಿದ ಗುಂಡಿ, ಐರಿಸ್, ಬರೆಯಲಾಗದ ಕಾಗದ, ಹಲಸು, ಫ್ರಿಜ್ಜು, ಎಲ್ಲ. ಫೋನು ಕಡಿದುಹೋಯಿತೇನೋ ಎಂದು ಎರಡು ಸಲ ಹಲೋ ಅಂದೆ. ಕೊನೆಗೆ ನಾಲ್ಕು ತೊಳೆಯ ಲೆಕ್ಕಕ್ಕೆ ಬಂದೆ.

"ಎಷ್ಟು ಕಮ್ಮಿ?" ಎಂದಳು ಅಮ್ಮ.

"ನಾಲ್ಕು."

"ತಿಂದದ್ದು ಅವಳಾ?"

"ಹೌದು. ಈಗ ಒಪ್ಪಿಕೊಂಡ್ರು."

"ನಾನು ಹೇಳ್ಲಿಲ್ವಾ! ಸಣ್ಣದಿರುವಾಗ ಅಮ್ಮ ಎಣಿಸಿಟ್ಟದ್ರಲ್ಲಿ ಪ್ರತಿಸಲ ಕಮ್ಮಿ. ಅವಳು ತಿನ್ನುದು, ಪೆಟ್ಟು ನನಗೆ. ಕಳ್ಳಿ!" ಅಮ್ಮನ ಸ್ವರ ನಗೆಯೋ ಅಳುವೋ ಗೊತ್ತಾಗಲಿಲ್ಲ. "ಅಲ್ಲಿ ನಿಂತಿದ್ದಾಳಾ? ಕೊಡು ಫೋನು ಅವಳಿಗೆ."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು. ಸಣ್ಣ ಫ್ರಿಜ್ಜಿನ ಮೇಲೆ ಹತ್ತಿ ಕುಳಿತರು. ನಾನು ಆ ಫ್ರಿಜ್ಜಿನ ಫೋಟೋ ತೆಗೆದದ್ದು ಅವರು ಇಳಿದುಹೋದ ಮೇಲೆ.

ಅವತ್ತಿನ ಪುಟದಲ್ಲಿ ಹೀಗಿದೆ: *ಎಲೆ 9 ಜೋಡಿ. ಹೂ 0. ಹಲಸಿನ ಮೊಳಕೆ 1. ಅಮ್ಮ–ದೊಡ್ಡಮ್ಮ ಫೋನು 41 ನಿಮಿಷ.* ಅದರಲ್ಲಿ ಹಲಸಿನ ಮಾತಿಗೆ ಎಷ್ಟು ನಿಮಿಷ, ಅಜ್ಜಿ ಸತ್ತ ಮಾತಿಗೆ ಎಷ್ಟು ನಿಮಿಷ ಎಂದು ಬೇರೆ ಬೇರೆ ಬರೆಯಲು ನಾನು ಗೆರೆ ಎಳೆದಿದ್ದೆ. ಆ ಎರಡು ಕಲಂ ಈಗಲೂ ಖಾಲಿಯೇ ಇವೆ.